ಚೋರ್ಲಾ ಘಾಟದ ಐದನೇ ತಿರುವು

ಮೂರು ದಿನದಿಂದ ಹೇಳುತ್ತಲೇ ಇದ್ದಳು,
ಏನೋ ಸಪ್ಪಳ ಬರತದ, ಒಮ್ಮೆ ನಿಲ್ಲಸ್ರಿ.
ಪೆಟ್ಟಿಗಿ ಕೀಲಿ ಅಲಗಾಡತದ, ಅಂದೆ.
ಹೆಲ್ಮೆಟ್ಟಿನೊಳಗೆ ನನಗೆ ಕೇಳುತ್ತಿದ್ದದ್ದು ನನ್ನ ಉಸಿರು
ಮತ್ತು ನಾನು ಆಡಬೇಕಿದ್ದ ಮುಂದಿನ ಮಾತು.

ಪುಣೆಯಲ್ಲಿ ಹಲ್ಲು ಮಾಡುವವ ನಾನು.
ಶುಕ್ರವಾರ ಪೇಠೆಯ ಮಾಳಿಗೆಯಲ್ಲಿ ಪುಟ್ಟ ಲ್ಯಾಬು,
ಎಂದೂ ಕಾಣದ ಬಾಯಿಗಳಿಗೆ ದವಡೆ, ಕೋರೆ.
ನಿದ್ದೆಯಲ್ಲಿ ಹಲ್ಲು ಕಡಿಯುವವರ ಅಚ್ಚು ಬಂದರೆ
ಹೆಬ್ಬೆರಳು ಸವರಿಯೇ ಹೇಳಬಲ್ಲೆ.
ಅದೇ ಕಡಿತ ತೊಡೆಗಳ ನಡುವೆ ನಡೆದಿದ್ದರೂ
ತಿಳಿಯಲಿಲ್ಲ.

ಸಾಂಖಳಿ ದಾಟಿ ಏರು ಸುರುವಾಯಿತು.
ಎರಡೂ ಬದಿಗೆ ಪೆಟ್ಟಿಗೆ, ಹಿಂದೊಂದು ಚೀಲ,
ಅವಳ ತಂಗಿಗೆಂದು ಕೊಂಡ ಗೋಡಂಬಿ, ಕೋಕಂ.
ಹಟಕ್ಕೆ ನಾಲ್ಕನೇ ಗೇರಿನಲ್ಲೇ ಎಳೆಸಿದೆ.
ಟಿಣ್ ಟಿಣ್ ಟಿಣಿಟಿಣಿ
ಸ್ಟೀಲ್ ಡಬ್ಬಿಯಲ್ಲಿ ಹುಣಸೆಬೀಜ ಕುಲುಕಿದಂತೆ.
ಮೂರನೇ ತಿರುವಿಗೆ ಬೂಟಿನೊಳಗೆ ಪಾದ ಬೆಂದಿತು,
ಐದನೆಯದಕ್ಕೆ ಗಾಡಿ ಉಸಿರು ಕಟ್ಟಿ ನಿಂತಿತು.
ಸುಟ್ಟ ಎಣ್ಣೆಯ ವಾಸನೆ. ಕಾಡಿನಲ್ಲೆಲ್ಲೋ ಒಂದು ಹಕ್ಕಿ.

ಅವಳು ಹೆಲ್ಮೆಟ್ ತೆಗೆದಳು. ನಾನು ಅವತ್ತೇ ಹೇಳ
ಗೊತ್ತದ, ಅಂದೆ.
ಏನ್ ಗೊತ್ತದ?
ಪೆಟ್ರೋಲು. ಕಲಬೆರಕೆ.
ಬೆಳಗಾವಿಗೆ ಹೊರಟಿದ್ದ ಕದಂಬ ಬಸ್ಸಿಗೆ ಕೈ ಮಾಡಿದಳು.
ನೀವಿಬ್ಬರೂ ಆಮ್ಯಾಲೆ ಬರ್ರಿ.

ಇಂಜಿನ್ ಆರಿಸಿ ನ್ಯೂಟ್ರಲ್ಲಿನಲ್ಲಿ ಇಳಿದೆ.
ಟೈರು ಡಾಂಬರು ನೆಕ್ಕುವ ಸದ್ದೊಂದೇ.
ಇಷ್ಟು ಸುಮ್ಮನೆ ಈ ಗಾಡಿಯ ಮೇಲೆ ಎಂದೂ ಕೂತಿರಲಿಲ್ಲ.

ಸಾಂಖಳಿ ಪೇಟೆಯ ಹಿಂದೆ ತಗಡಿನ ಶೆಡ್ಡು, ದಾವಲಸಾಬ.
ನವಲಗುಂದದವ, ಗಣಿಲಾರಿಗಳ ಬೆನ್ನಿಗೆ ಬಂದವ;
ಲಾರಿ ನಿಂತವು, ಇವನೂ ನಿಂತುಬಿಟ್ಟ.
ಕಿವಿ ಎರಡೂ ಮಂದ.
ತಣಿದ ಗಾಡಿಯನ್ನು ಸುರು ಮಾಡಿಸಿ
ಸ್ಕ್ರೂಡ್ರೈವರಿನ ತುದಿ ಸಿಲಿಂಡರಿಗೆ,
ಹಿಡಿಕೆ ಕಿವಿಯ ಹಿಂದಿನ ಎಲುಬಿಗೆ ಒತ್ತಿ
ಕಣ್ಣು ಮುಚ್ಚಿದ.

ಪೆಟ್ರೋಲಲ್ಲ, ಅಂದ.

ಆರಿಸಿ, ಪ್ಲಗ್ ಬಿಚ್ಚಿ ನನ್ನ ಅಂಗೈಗಿಟ್ಟ: ಸುಣ್ಣದ ಬಿಳುಪು,
ಬೇಯಿಸಿದ ಪಿಂಗಾಣಿ ಹಲ್ಲಿನ ಬಿಳುಪು.
ಚಹಾದ ಬಣ್ಣ ಇರಬೇಕ್ರಿ ಇದು.
ಮತ್ತೆ ಸುರು ಮಾಡಿ ರಬ್ಬರು ಕೊಳವೆಯ ಸುತ್ತ ಸೋಪುನೀರು ಚಿಮುಕಿಸಿದ;
ಒಂದು ಕಡೆ ಗುಳ್ಳೆ ಒಳಕ್ಕೆ ಹೋಯಿತು, ದನಿ ಬದಲಾಯಿತು.
ಕೂದಲೆಳೆಯಷ್ಟು ಬಿರುಕು.
ಕಳ್ಳಗಾಳಿ ಕುಡ್ಯಾಕ ಹತ್ತೇದ. ಗಾಳಿ ಹೆಚ್ಚು, ಎಣ್ಣಿ ಕಮ್ಮಿ,
ಕಾವು ನೆತ್ತಿಗೇರತದ.
ಮ್ಯಾಲ ಈ ರೆಕ್ಕಿ ಸಂದ್ಯಾಗೆಲ್ಲ ಗಣಿ ಕೆಮ್ಮಣ್ಣು,
ಒಲಿ ಸಾರಿಸಿದಂಗ.
ಪಿಸ್ಟನ್ ಇನ್ನೂ ಮ್ಯಾಲ ಬರ್ತಿರತದ,
ಅಷ್ಟರಾಗ ಬೆಂಕಿ ತಾನ ಹತ್ತಿಬಿಡತದ,
ಬರೋದನ್ನ ಹೊಡದು ಹಿಂದಕ್ಕ ದಬ್ಬತದ.
ಆ ಟಿಣ್ ಅನ್ನೂದು ಅದ ಪೆಟ್ಟು.

ಎಷ್ಟು ದಿನಾತು?
ಈಗ, ಅನ್ನಲು ಬಾಯಿ ತೆರೆದಿದ್ದೆ.
ಮೂರು ದಿನ. ಹಿಂದೆ ಕೂತವರು ಹೇಳಿದ್ದರು.
ಹಿಂದ ಕುಂತವರಿಗೆ ಚಲೋ ಕೇಳತದ, ಅಂದ,
ಮುಖ ನೋಡಲಿಲ್ಲ.

ಸೈಕಲ್ ಟ್ಯೂಬಿನ ತುಂಡು ಸುತ್ತಿ ಕ್ಲಿಪ್ಪು ಬಿಗಿದ.
ಬೆಳಗಾವಿ ಮುಟ್ಟಿಸತದ. ಅಲ್ಲಿ ಹೊಸಾದು ಹಾಕಸ್ರಿ.
ಟೈಮಿಂಗು ಒಂದು ಗೆರೆ ಹಿಂದೆ ಸರಿಸಿದ.
ಆಮೇಲೆ ಒಂದು ಬಕೆಟ್ಟು ಕೊಟ್ಟ,
ಒಂದು ಹಳೇ ಟೂತ್‌ಬ್ರಶ್ಶು:
ಗಾಡಿ ತಣ್ಣಗಾಗಲಿ. ರೆಕ್ಕಿ ನೀವ ತಿಕ್ಕರಿ.

ತಿಕ್ಕಿದೆ. ಒಂದೊಂದೇ ಸಂದು.
ಮೊಣಕೈಯಿಂದ ಕೆಂಪು ನೀರು ಇಳಿಯುತ್ತಿತ್ತು.
ಹನ್ನೊಂದನೆಯದೋ ಹನ್ನೆರಡನೆಯದೋ ಲೆಕ್ಕ ತಪ್ಪಿದಾಗ
ಫೋನು: ಶಾಲ್ಮಲಾ.
ಜಾಂಬೋಟಿಯಲ್ಲಿ ಬಸ್ಸು ಚಹಾಕ್ಕೆ ನಿಂತಿದೆ,
ಪಕ್ಕದ ಮುದುಕಿಯ ಕೋಳಿ ಅವಳ ಸ್ಕಾರ್ಫು ಕುಕ್ಕಿದೆ,
ಮತ್ತು ನೋಡ್ರಿ, ಆ ಸಪ್ಪಳದ್ದು ಏನಂದರ...

ನಿಂತಳು. ಮುಗಿಯಿತೆಂದುಕೊಂಡೆ.
ಉಸಿರು ತೆಗೆದುಕೊಂಡಿದ್ದಳು, ಅಷ್ಟೆ.
ಬ್ರಶ್ಶಿನಿಂದ ಹನಿ ಬಿತ್ತು, ಇನ್ನೊಂದು ಬಿತ್ತು.

ಹಲೋ? ಅದೀರೇನು?
ಅದೀನಿ, ಅಂದೆ.
ಹೇಳು.