ಲೋಟದಲ್ಲೊಂದು ಚಮಚ

ದಿಮೋನಾದಲ್ಲಿ ಗಾಳಿ ಎದ್ದರೆ
ಮರಳು ಬಾಗಿಲು ತಟ್ಟುವುದಿಲ್ಲ,
ಸೋದರತ್ತೆಯ ಹಾಗೆ ನೇರ ಒಳಗೇ ಬರುತ್ತದೆ.
ಮಂಗಳವಾರ ರಾತ್ರಿ ರಬ್ಬಿ ಮಖ್ಲೂಫರ ಮನೆಯಲ್ಲಿ
ಒಂಬತ್ತು ಗಂಡಸರು, ಒಂದು ದಪ್ಪ ಗ್ರಂಥ.
ಅಡುಗೆಮನೆಯ ಪರದೆಯ ಈಚೆ ನಾನು,
ಪುದೀನಾ ಚಹಾ ಕುದಿಸುವವಳು.
ಗಿರಣಿಯ ಎರಡನೇ ಪಾಳಿ ಮುಗಿಸಿ ಬಂದ ಕಿವಿಯಲ್ಲಿ
ಇನ್ನೂ ಮಗ್ಗಗಳ ಗದ್ದಲ.
ಅದರ ನಡುವೆ ಎಳೆಎಳೆಯಾಗಿ ಅವರ ಮಾತು:

ಮೊದಲು ಬೆಳಕೊಂದೇ ಇತ್ತಂತೆ.
ಬೇರೆ ಯಾರಿಗೂ ಕೂರಲು ಜಾಗವಿರಲಿಲ್ಲವಂತೆ.
ಅದಕ್ಕೇ ಅವನು ತನ್ನನ್ನು ತಾನೇ ಕುಗ್ಗಿಸಿಕೊಂಡನಂತೆ,
ಇಕ್ಕಟ್ಟಿನ ಬಸ್ಸಿನಲ್ಲಿ ಬಸುರಿಗೆ ಸರಿದು ಕೊಡುವ ಹಾಗೆ.
(ಈ ಬಸ್ಸು ನನ್ನದು, ರಬ್ಬಿ ಹೇಳಿದ್ದಲ್ಲ.)
ಆಮೇಲೆ ಪಾತ್ರೆಗಳನ್ನು ಮಾಡಿದನಂತೆ.
ಪಾತ್ರೆ ಎಂದರೆ ಮಣ್ಣಲ್ಲ, ತಾಮ್ರವಲ್ಲ,
ಬೇಕು ಎಂಬುದೇ ಪಾತ್ರೆ.
ಬೆಳಕು ಸುರಿದ. ತಾಳಲಾರದೆ ಒಡೆದವು.
ಆ ಚೂರುಗಳೇ ಇಂದಿಗೂ ನಮ್ಮ ಕಾಲಿಗೆ ಚುಚ್ಚುವುದು.

ಚೂರಿನ ಪರಿಚಯ ನನಗಿದೆ.
ಅಮ್ರಾಮ್, ನನ್ನ ಗಂಡ,
ಮೃತ ಸಮುದ್ರದ ಪೊಟ್ಯಾಷ್ ಕಾರ್ಖಾನೆಯಲ್ಲಿ
ಏಣಿಯಿಂದ ಬಿದ್ದು ಮೂರು ವರ್ಷ.
ಬಲಗಡೆ ಪೂರ್ತಿ ಉಪ್ಪಿನ ಮೂಟೆ.
ಇದ್ದಬದ್ದ ಮಾತಿನಲ್ಲಿ ಉಳಿದದ್ದು ಎರಡು:
ಬೇಡ, ಮತ್ತು ನನ್ನ ಹೆಸರು.
ಮಸೂದಾ. ಅದೃಷ್ಟವಂತೆ ಎಂದು ಅರ್ಥ.

ಬೇಕು ಎಂಬುದರ ಪರಿಚಯವೂ ಇದೆ.
ಮಗ್ಗ ರಿಪೇರಿಯ ಇಲ್ಯೂ, ರೊಮಾನಿಯಾದವನು,
ನನ್ನ ಹನ್ನೊಂದನೇ ಮಗ್ಗದಡಿ ಅಂಗಾತ ಮಲಗಿ
ಸ್ಪಾನರ್ ಕೇಳುತ್ತ ಕೈ ಚಾಚುತ್ತಾನೆ.
ಮೊಣಕೈವರೆಗೆ ಎಣ್ಣೆ.
ಹನ್ನೊಂದನೇ ಮಗ್ಗ ಚೆನ್ನಾಗಿಯೇ ಇತ್ತು.
ಬೆಲ್ಟು ಸಡಿಲ ಮಾಡಿದವಳು ನಾನು.
ಇದನ್ನು ಯಾರಿಗೂ ಹೇಳಿಲ್ಲ, ದೇವರಿಗೂ.
ಅವನಿಗೆ ಗೊತ್ತಿರುತ್ತದೆ, ಅದು ಬೇರೆ.

ಆ ರಾತ್ರಿ ತಡೆಯಲಾಗಲಿಲ್ಲ.
ತಟ್ಟೆ ಹಿಡಿದೇ ಪರದೆ ಸರಿಸಿ ಕೇಳಿಬಿಟ್ಟೆ:
ರಬ್ಬಿ, ಗಾಜಿನ ಲೋಟಕ್ಕೆ ಕುದಿಯುವ ಚಹಾ ಹೊಯ್ಯುವ ಮೊದಲು
ನನ್ನಮ್ಮ ಒಂದು ಚಮಚ ಹಾಕಿಡುತ್ತಿದ್ದಳು.
ಕಾವನ್ನು ಚಮಚ ಕುಡಿಯುತ್ತದೆ, ಲೋಟ ಉಳಿಯುತ್ತದೆ.
ಮೆಕ್ನೆಸಿನ ಓದು ಬಾರದ ಹೆಂಗಸಿಗೆ ಹೊಳೆದದ್ದು
ಅವನಿಗೆ ಹೊಳೆಯಲಿಲ್ಲವೆ?

ಒಂಬತ್ತು ಗಂಡಸರು ತಂತಮ್ಮ ಗಡ್ಡ ನೋಡಿಕೊಂಡರು.
ರಬ್ಬಿ ಕೆಮ್ಮು ಹತ್ತುವವರೆಗೆ ನಕ್ಕರು.
ಕಣ್ಣೊರೆಸಿಕೊಂಡು, ಯಾರಾದರೂ ಇವಳಿಗೊಂದು ಕುರ್ಚಿ ತನ್ನಿ, ಎಂದರು.
ಉತ್ತರ ಕೊಡಲಿಲ್ಲ.
ಪುಟ ಮಗುಚಿ ಓದಿದರು:
ಪುಕ್ಕಟೆ ಸಿಕ್ಕ ರೊಟ್ಟಿಗೆ ನಾಚಿಕೆಯ ರುಚಿ;
ಕೊಡಲು ಏನೂ ಇಲ್ಲದೆ ತೆಗೆದುಕೊಳ್ಳುವವನು
ಕೊಟ್ಟವನ ಮುಖ ನೋಡಲಾರ.

ಕುರ್ಚಿಯಲ್ಲಿ ಕೂತದ್ದು ಅಷ್ಟೇ ಹೊತ್ತು.
ಚಪ್ಪಲಿಯೊಳಗೆ ಮರಳು ಸೇರಿದ್ದು ಮನೆ ಮುಟ್ಟಿದ ಮೇಲೆ ಗೊತ್ತಾಯಿತು.

ಅಮ್ರಾಮ್ ಎಚ್ಚರವಿದ್ದ.
ಕಡಲೆಯ ಸಾರು ಬಿಸಿ ಮಾಡಿ ಚಮಚ ಮುಂದೆ ಹಿಡಿದೆ.
ಬೇಡ, ಎಂದು ಗೋಡೆಗೆ ಮುಖ ಮಾಡಿದ.
ಮೂರು ವರ್ಷ ಇದನ್ನು ನಾನು ಸಿಟ್ಟು ಎಂದುಕೊಂಡಿದ್ದೆ.

ಸಾರು ಬದಿಗಿಟ್ಟೆ.
ನನಗಾಗಿ ಬಗ್ಗಿಸಿಕೊಂಡಿದ್ದ ಚಹಾದ ಲೋಟ
ಅವನ ತುಟಿಯ ಹತ್ತಿರ ತಂದು,
ತುಂಬಾ ಬಿಸಿ ಕಣೋ, ಸ್ವಲ್ಪ ಊದಿ ಕೊಡು, ಎಂದೆ.

ದಿಟ್ಟಿಸಿದ.
ಅರ್ಧ ಬಾಯಿಯಿಂದ ಊದಿದ. ಎಂಜಲು ಸಿಡಿಯಿತು.
ಚಹಾ ನಡುಗಿತು, ಆರಲಿಲ್ಲ.
ಮತ್ತೆ ಊದಿದ, ಕತ್ತಿನ ನರ ಉಬ್ಬುವಂತೆ.
ಕುಡಿದೆ. ನಾಲಿಗೆ ಚುರ್ರೆಂದಿತು.
ಹದವಾಗಿದೆ, ಎಂದೆ.
ಮಸೂದಾ, ಎಂದ.
ಬೇಡ ಅನ್ನಲಿಲ್ಲ. ಸಾರಿಗೆ ಬಾಯಿ ತೆರೆದ.

ಇದರಿಂದ ಯಾವ ಚೂರೂ ಯಾವ ಚೂರಿಗೂ ಕೂಡಿಕೊಂಡಿತೆಂದು
ನಾನು ಹೇಳಲಾರೆ.
ಮರುದಿನ ಪಾಳಿಗೆ ಬೇಗ ಹೋದೆ.
ಇಲ್ಯೂ ಬರುವ ಮೊದಲೇ ಸ್ಪಾನರ್ ತೆಗೆದು
ಹನ್ನೊಂದನೇ ಮಗ್ಗದ ಬೆಲ್ಟು ನಾನೇ ಬಿಗಿ ಮಾಡಿದೆ,
ಅರ್ಧ ಸುತ್ತು ಕಡಿಮೆ.