ಆರು ದೋಣಿಯಲ್ಲಿ ಐದನೆಯದು

ನನಗೆ ಈಜು ಬಾರದು. ಇದನ್ನು ಮೊದಲೇ ಹೇಳಿದ್ದೆ.
ಹಾಯಿ ಹರಿದಿದೆ ಅಕ್ಕಾ, ಹೊಲಿದುಕೊಡಿ ಅಂತ
ಇಗ್ನೇಷಿಯಸ್ಸು ಅದನ್ನು ಅಗಸರ ಗಂಟಿನ ಹಾಗೆ ಹೊತ್ತು
ಅಂಗಡಿಗೆ ಬಂದಾಗ ಆಷಾಢ.
ಮದುವೆಯಿಲ್ಲದ ತಿಂಗಳಲ್ಲಿ ರವಿಕೆ ಯಾರು ಹೊಲಿಸುತ್ತಾರೆ?
ಕಟಿಂಗ್ ಮೇಜು ಸಾಲದೆ ಮೆಟ್ಟಿಲವರೆಗೂ ಹರಡಿದೆವು.
ಎರಡು ಗೇಣು ಹರಕು. ಹೊಂದುವ ಬಣ್ಣ ಸಿಗಲಿಲ್ಲ,
ಉಳಿದಿದ್ದ ಗಿಣಿಹಸಿರು ಛತ್ರಿ ಬಟ್ಟೆಯನ್ನೇ ಇಟ್ಟು
ನಾಲ್ಕು ಸುತ್ತು ಹೊಲಿದೆ. ಎರಡು ಸೂಜಿ ಮುರಿದವು.
ದುಡ್ಡು ಬೇಡ ಎಂದದ್ದೇ ತಪ್ಪಾಯಿತು:
"ಹಾಗಾದ್ರೆ ಭಾನುವಾರ ದೋಣಿಗೆ ಬನ್ನಿ."

ಹಲಸೂರು ಕೆರೆ. ಬೆಳಿಗ್ಗೆ ಎಂಟು.
ಆರು ದೋಣಿ, ಹದಿನೆಂಟು ಜನ,
ಎಲ್ಲರೂ ಒಬ್ಬರಿಗೊಬ್ಬರು ಕೈಸಾಲ ಕೊಟ್ಟವರು,
ಒಂದೇ ಬೇಕರಿಯ ಬನ್ನು ತಿಂದು ದಪ್ಪಗಾದವರು.
ಗೆದ್ದವರಿಗೆ ಒಂದು ಹಿತ್ತಾಳೆ ಗಂಟೆ,
ವರ್ಷವಿಡೀ ಹುಣಸೆಹಣ್ಣು ಹಾಕಿ ಉಜ್ಜುವ ಶಿಕ್ಷೆ ಸಮೇತ.
ಚುಕ್ಕಾಣಿ ಇಗ್ನೇಷಿಯಸ್ಸು.
ಮುಂದಿನ ಹಗ್ಗ ತಬಸ್ಸುಮ್ಮು, ಹಲ್ಲಿನಾಸ್ಪತ್ರೆಯ ನರ್ಸು.
ನನಗೆ ಕೊಟ್ಟ ಕೆಲಸ ಭಾರವಾಗುವುದು.
"ಆ ಕಡೆ ಅಂದ್ರೆ ಆ ಕಡೆ ಕೂತ್ಕೊಳ್ಳಿ,
ಈ ಕಡೆ ಅಂದ್ರೆ ಈ ಕಡೆ. ತಲೆ ಬಗ್ಗಿಸಿ."
ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೀನಪ್ಪ, ಅಂದೆ,
ಇದಕ್ಕೆ ಬೇರೆ ತರಬೇತಿ ಬೇಕಾ?

ಸೀಟಿ.
ಗಾಳಿ ಸಿಕ್ಕ ಕ್ಷಣ ಬಟ್ಟೆ ತುಂಬುವುದು ನೋಡಬೇಕು.
ಬಸುರಿಯ ರವಿಕೆಗೆ ನಾವು ಬಿಡುತ್ತೇವಲ್ಲ, ಬೆರಳಷ್ಟು ಬೆರಳಷ್ಟು,
ಹಾಗಲ್ಲ. ಒಂದೇ ಸಲ,
ಒಳಗಿನಿಂದ ಯಾರೋ ಹೆಗಲು ಕೊಟ್ಟಂತೆ.
ಎಲ್ಲರೂ ಕಿತ್ತಳೆ ತೇಲುಬುಂಡೆ ನೋಡುತ್ತಿದ್ದರು,
ನಾನು ನನ್ನ ಹೊಲಿಗೆ.
ಒಂದೊಂದು ಎಳೆಯೂ ಹಲ್ಲು ಕಚ್ಚಿ ಹಿಡಿದಿತ್ತು.

ಎರಡನೇ ಸುತ್ತು, ನಡುಗಡ್ಡೆಯ ಮರೆ. ಗಾಳಿ ನಿಂತಿತು,
ಕರೆಂಟು ಹೋದ ಹಾಗೆ.
ಗಾಳಿ ಬಂದಾಗ ತೂರಿಕೋ ಅಂದರು ದೊಡ್ಡವರು,
ಬಾರದಾಗ ಏನು ಮಾಡಬೇಕೆಂದು ಯಾರೂ ಹೇಳಿಹೋಗಿಲ್ಲ.
ಆರು ದೋಣಿ ಆರು ಕಡೆ ಮುಖ ಮಾಡಿ ನಿಂತವು,
ಬೀಗರೂಟದಲ್ಲಿ ಮುನಿಸಿಕೊಂಡ ನಂಟರ ಹಾಗೆ.
ಚುಕ್ಕಾಣಿಗೆ ಅಂತರಗಂಗೆ ಸುತ್ತಿತ್ತು. ಇಗ್ನೇಷಿಯಸ್ಸು
ತೋಳು ಮುಳುಗಿಸಿ ಕಿತ್ತ: ಬೇರು, ಬಲೂನು,
ಯಾರದೋ ಒಂಟಿ ಚಪ್ಪಲಿ.
ಕೆರೆಯ ವಾಸನೆ ಬಗ್ಗೆ ಯಾರೂ ಮಾತೆತ್ತಲಿಲ್ಲ,
ಅದು ಮನೆಯೊಳಗಿನ ವಿಷಯ.
ಪಕ್ಕದ ದೋಣಿಯಿಂದ ತಿರುನಾವುಕ್ಕರಸು ಚಕ್ಕುಲಿ ಎಸೆದ.
ಒಂದು ನೀರಿಗೆ ಬಿತ್ತು,
ಮೀನು ಬಂದು ಮೂಸಿ, ಬೇಡವೆಂದು ಹೋಯಿತು.
"ನಿಮ್ಮಮ್ಮ ಮಾಡಿದ್ದಾ?" ಅಂತ ಮೂರು ದೋಣಿಯಾಚೆಯಿಂದ ಕೂಗು.
ತಬಸ್ಸುಮ್ಮು ಯಾರಿಗೂ ಕಾಣದಂತೆ ಅಂಗೈಯಲ್ಲಿ ನೀರು ತಳ್ಳುತ್ತಿದ್ದಳು.
"ನರ್ಸಮ್ಮಾ, ಕೈ ಮೇಲಕ್ಕೆ!" ಎಲ್ಲರಿಗೂ ಕಂಡಿತ್ತು.

ಆಮೇಲೆ ನಾನೇ ಮೊದಲು ನೋಡಿದ್ದು.
ಗುರುದ್ವಾರದ ಕಡೆಯಿಂದ, ನೀರಿನ ಮೇಲೆ,
ಸಣ್ಣಗೆ, ಒತ್ತೊತ್ತಾಗಿ, ಹತ್ತಿರ ಹತ್ತಿರ
ನೆರಿಗೆ.
ನೆರಿಗೆ ನನಗೆ ಗೊತ್ತು.
"ಬಂತು, ಆ ಕಡೆಯಿಂದ ಬಂತು!" ಅಂದೆ,
ಇಗ್ನೇಷಿಯಸ್ಸು ಏನು ಎತ್ತ ಕೇಳದೆ ದೋಣಿ ತಿರುಗಿಸಿದ.
ಹಸಿರು ತೇಪೆ ಉಬ್ಬಿತು.
ಉಳಿದ ಐವರು ಚಕ್ಕುಲಿ ಅಗಿಯುತ್ತಿರುವಾಗಲೇ
ನಾವು ಎಲ್ಲರನ್ನೂ ದಾಟಿ, ಎಲ್ಲರಿಗಿಂತ ಮುಂದೆ.
ಎಷ್ಟು ಹೊತ್ತು? ಒಂದು ಕಾಜ ಹೊಲಿಯುವಷ್ಟು.

ತಿರುವಿನಲ್ಲಿ "ಈ ಕಡೆ!" ಅಂದರು.
ನಾನು ಹಿಂದೆ ಬೀಳುತ್ತಿದ್ದವರನ್ನು ನೋಡುತ್ತಾ ಕೂತಿದ್ದೆ,
ತಿರುನಾವುಕ್ಕರಸುವಿಗೆ ಕೈ ಬೀಸುತ್ತಾ.
ಮರದ ದಿಮ್ಮಿ ತಲೆಗೆ ಬಡಿಯಿತು,
ದೋಣಿ ವಾಲಿ, ಅರ್ಧ ಕೆರೆ ನನ್ನ ಮಡಿಲಿಗೆ.
ಐದನೆಯವರಾದೆವು.
ಆರನೆಯವರು ಮಗುಚಿಕೊಂಡು, ನೀರಿನಲ್ಲೇ ನಗುತ್ತಿದ್ದರು.

ಸೋಮವಾರ. ಹಣೆಯ ಮೇಲೆ ನಿಂಬೆಗಾತ್ರದ ಬುಗುಟು.
ಮೇಜಿನ ಮೇಲೆ ಯಾರದೋ ಬಾದಾಮಿ ಬಣ್ಣದ ಪೀಸು,
ಫ್ಯಾನಿನ ಗಾಳಿಗೆ ಅದರ ಒಂದು ತುದಿ ಎದ್ದು ನಿಂತಿತು.
ಕತ್ತರಿ ಬಿಟ್ಟು, ನನ್ನ ಕೈ ಹಗ್ಗ ಹುಡುಕಿತು.
"ಯಾವಾಗ ಕೊಡ್ತೀರಿ?" ಬಾಗಿಲಲ್ಲಿ ಗಿರಾಕಿ.
ಗುರುವಾರ, ಅಂದೆ,
ಗಾಳಿ ಸರಿ ಇದ್ದರೆ.