ಕೋರ್ ಶಾಪಿನ ಒಡತಿ

ಉದ್ಯಮಬಾಗದ ಫೌಂಡ್ರಿಯಲ್ಲಿ ಶಿಫ್ಟ್ ಮುಗಿಸಿ
ನೆಟ್ಟಗೆ ಟಿಳಕವಾಡಿಯ ನಮ್ಮ ಆಫೀಸಿಗೇ ಬಂದಳು
ತಂಗೆವ್ವ ಮುಚ್ಚಂಡಿ. ಸೆರಗಿನ ತುಂಬ ಕರಿ ಮರಳು.
ಕೈಯಲ್ಲಿ ಲಕೋಟೆ; ಒಡೆದಿದ್ದಾಳೆ, ಯಾರಿಂದಲೂ ಓದಿಸಿಲ್ಲ.
"ಮಗಳ ಮೊಬೈಲಿಗೂ ಬಂದೈತ್ರೀ, ಮತ್ತ ಕಾಗದದಾಗೂ ಬಂದೈತಿ.
ಎರಡೂ ಕಡೆ ಬರತೈತಿ ಅಂದ್ರ ದೊಡ್ಡದ ಇರಬೇಕು."

ಓದಿದೆ. ನನ್ನ ಕೆಲಸ ಅದೇ:
ತಿಳಿಯದ್ದನ್ನು ಓದಿ ಹೇಳುವುದು,
ತಿಳಿಯದ ಹಾಗೆ ಬರೆದು ಕೊಡುವುದು.

ಕಡಲಾಚೆ ಒಂದು ದ್ವೀಪ, ನಕಾಶೆಯಲ್ಲಿ ನೊಣದ ಹಿಕ್ಕೆಯಷ್ಟು.
ಅಲ್ಲೊಂದು ಕಂಪನಿ. ಅದಕ್ಕೆ ಬಾಗಿಲಿಲ್ಲ,
ಕಸ ಹೊಡೆಯುವವರಿಲ್ಲ, ಚಹಾ ತರುವ ಹುಡುಗನಿಲ್ಲ.
ಒಂದು ಅಂಚೆಪೆಟ್ಟಿಗೆ, ಒಬ್ಬಳು ಒಡತಿ:
ತಂಗೆವ್ವ ಕಲ್ಲಪ್ಪ ಮುಚ್ಚಂಡಿ, ಮಜಗಾವ, ಬೆಳಗಾವಿ.

ಹಿಂದೆಲ್ಲ ಈ ಸುದ್ದಿ ಇಲ್ಲಿಗೆ ಮುಟ್ಟಬೇಕಾದರೆ
ಇಲ್ಲಿಯವರು ಹೆಸರು ಹಿಡಿದು ಕೇಳಬೇಕಿತ್ತು,
ಅಲ್ಲಿಯವರು ಯಾಕೆ ಅನ್ನಬೇಕಿತ್ತು,
ಅಷ್ಟರಲ್ಲಿ ಹಣ ಇನ್ನೊಂದು ದ್ವೀಪದ ದಂಡೆಯಲ್ಲಿ
ಕಾಲು ಚಾಚಿ ಮಲಗಿರುತ್ತಿತ್ತು.
ಈಗ ಕೇಳುವುದೇ ಇಲ್ಲ.
ವರ್ಷಕ್ಕೊಮ್ಮೆ ಖಾತೆಗಳು ತಾವಾಗಿ ಗಡಿ ದಾಟಿ ಬರುತ್ತವೆ,
ಯಂತ್ರ ತಾಳೆ ನೋಡುತ್ತದೆ, ಹೆಸರಿಗೆ ಹೆಸರು,
ಹುಟ್ಟಿದ ತಾರೀಖಿಗೆ ಹುಟ್ಟಿದ ತಾರೀಖು.
(ಅವಳದ್ದು ಜೂನ್ ಒಂದು; ಸಾಲಿ ಮಾಸ್ತರರು
ಊರ ಮಕ್ಕಳಿಗೆಲ್ಲ ಹಂಚಿದ್ದು.)

ಪಾರದರ್ಶಕತೆ ಅಂದೆ. "ಅಂದ್ರ?" ಅಂದಳು.
ಆಚೆಗಿನದು ಕಾಣಿಸುವುದು ಅಂದೆ.
"ಹಳೇ ಸೀರಿ ಒಗದು ಒಗದು ತೆಳ್ಳಗಾದಂಗ?"
ಹೌದು, ಹಾಗೇ.
ಮೊತ್ತ ಹೇಳಿದೆ. ಬೆಚ್ಚಲಿಲ್ಲ.
ಬಳೆ ಮೇಲೆ ಸರಿಸಿ ಹಳೆಯ ಸುಟ್ಟ ಗಾಯ ತುರಿಸಿಕೊಂಡಳು.
"ಹನ್ನೊಂದು ಕೋಟಿಗೆ ಎಷ್ಟು ಸೊನ್ನಿ ಬರತಾವ್ರೀ?"
ಏಳು.

ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಪೊಳ್ಳನ್ನೇ.
ಮರಳಿಗೆ ಎಣ್ಣೆ ಕಲೆಸಿ, ಪೆಟ್ಟಿಗೆಗೆ ಒತ್ತಿ, ಬೇಯಿಸಿ
ಅಚ್ಚಿನ ನಡುವೆ ಮಲಗಿಸುತ್ತಾಳೆ.
ಕಾದ ಕಬ್ಬಿಣ ಸುತ್ತ ಹರಿದು ಗಟ್ಟಿಯಾದ ಮೇಲೆ
ಬಡಿದು ಮರಳು ಉದುರಿಸುತ್ತಾರೆ.
ಉಳಿಯುವುದು ವಾಲ್ವಿನೊಳಗಿನ ಖಾಲಿ ಜಾಗ.
ಅಲ್ಲಿ ಜರ್ಮನಿಯ ಎಣ್ಣೆ ಹರಿಯುತ್ತದೆ.
ಆ ವಾಲ್ವು ಇಲ್ಲಿಂದ ಹಡಗೇರಿ ನೇರ ಹೋಗುತ್ತಿತ್ತು.
ಅದರ ಬೆಲೆ ಮಾತ್ರ ದಾರಿಯಲ್ಲಿ ದ್ವೀಪಕ್ಕಿಳಿದು
ಉಂಡು ಮಲಗಿ, ಮೈ ಬಂದ ಮೇಲೆ ಮುಂದೆ ಹೊರಡುತ್ತಿತ್ತು.

ಮೊದಲು ಗೈಬುಸಾಬ ಮಿಸ್ತ್ರಿ ಸುತ್ತಿಗೆಯಿಂದ ಎರಕ ತಟ್ಟಿ
ಕಿವಿ ಕೊಡುತ್ತಿದ್ದ. ಟಣ್ ಅಂದರೆ ಗಟ್ಟಿ,
ಬದಕ್ ಅಂದರೆ ಒಳಗೆ ಗುಳ್ಳೆ.
ಈಗ ಎಕ್ಸ್‌ರೇ ಬಂದಿದೆ. ಮಿಸ್ತ್ರಿಯ ಕಿವಿ ಮನೆಯಲ್ಲಿದೆ.
ಗುಳ್ಳೆ ಎಲ್ಲಿ ಎಂದು ಎಕ್ಸ್‌ರೇ ತೋರಿಸುತ್ತದೆ,
ಬಿಟ್ಟವರು ಯಾರು ಎಂದು ಕೇಳಿದರೆ ಸುಮ್ಮನಿರುತ್ತದೆ.

"ನಾ ಸಹಿ ಮಾಡೀನೇನ್ರೀ?"
ಮಾಡಿದ್ದಾಳೆ. ಮೂರು ಕಡೆ.
ಮೂರು ಕಡೆಯೂ ತ ಪಕ್ಕದ ಸೊನ್ನೆ ಮರೆತು: ತಗೆವ್ವ.
ಪಿಎಫ್ ಕಾಗದ ಅವ್ವಾ, ಇಲ್ಲೊಂದು, ಇಲ್ಲೊಂದು ಎಂದು
ಬೆರಳಿಟ್ಟು ತೋರಿಸಿದ ಹುಡುಗಿಗೆ ಆಗ ಇಪ್ಪತ್ಮೂರು.
ಹೊಸ ಸ್ಕೂಟಿ, ಹೊಸ ಕೆಲಸ, ಮಾಲಕರು ಹೇಳಿದ್ದೇ ಸರಿ.
ಆ ಬೆರಳು ಯಾವ ದೇಶದ ಸರ್ವರಿನಲ್ಲೂ ಇಲ್ಲ.
ಮಾಲಕರ ಫೋನು ಮೂರು ದಿನದಿಂದ ಹತ್ತುತ್ತಿಲ್ಲ.

"ನಿಮ್ಮ ಫರಸಿ ಹೊಲಸಾತ ನೋಡ್ರಿ," ಎಂದು ಕೂತು
ತಾನು ಉದುರಿಸಿದ ಮರಳನ್ನು ಅಂಗೈಯಿಂದ ಬಳಿದು
ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.
ನಾಳೆ ಬೆಳಿಗ್ಗೆ ಶಿಫ್ಟಿದೆ.

ಪೋರ್ಟಲ್ ತೆರೆದಿದ್ದೇನೆ.
ಸಹಿ ಪಡೆದವರ ಹೆಸರು ಎಂಬ ಕಲಮು
ಇದರಲ್ಲಿ ಎಲ್ಲೂ ಇಲ್ಲ.
ಕೊನೆಗೆ 'ಇತರೆ' ಎಂಬಲ್ಲಿ
ನನ್ನ ಹೆಸರಿನ ಮೊದಲ ಅಕ್ಷರ ಹೊಡೆದು ಕೂತಿದ್ದೇನೆ.
ಕೀಲಿಮಣೆಯ ಸಂದಿನಲ್ಲಿ ಏನೋ ಕರಕರ ಅನ್ನುತ್ತಿದೆ.